ಉಡಿ, ಚಂಚಿ, ತೊಡೆಚೀಲ

ರೋಣದ ಸುತ್ತಲಿನ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ಒಮ್ಮೆ ನಿಂತು ನೋಡಬೇಕು. ಸೀರೆಯ ಮೇಲೊಂದು ಹಳೆಯ ಬಟ್ಟೆ ಕಟ್ಟಿ, ಅದರ ಕೆಳಗಿನ ಎರಡೂ ಚುಂಗು ಎತ್ತಿ ನಡಕ್ಕೆ ಸಿಗಿಸಿದರೆ ಉಡಿ ಸಿದ್ಧ. ಎರಡೂ ಕೈ ಗಿಡದ ಮೇಲೆ, ಕಣ್ಣು ಮುಂದಿನ ಒಡೆದ ಕಾಯಿಯ ಮೇಲೆ. ಬಿಡಿಸಿದ ಹತ್ತಿ ನೋಡದೆಯೇ ಉಡಿಗೆ ಬೀಳುತ್ತದೆ. ಅರ್ಧ ತುಂಬುತ್ತಲೇ ಬದುವಿನ ಮೇಲಿನ ಗೋಣಿತಟ್ಟಿಗೆ ಸುರುವಿ ಬರುತ್ತಾರೆ. “ಇನ್ನೂ ಜಾಗಾ ಇತ್ತಲ್ಲಬೇ ಯಕ್ಕಾ” ಅಂದರೆ, “ತುಂಬೂತನಕ ಕಾದ್ರ ನಡಾ ಹಿಡೀತೈತ್ರಿ, ಕಾಲೂ ಏಳೂದಿಲ್ಲ” ಎಂಬ ಉತ್ತರ. ತೊಡೆಗೆ ಕಟ್ಟುವ ಚೀಲ ಕೊಳ್ಳಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಮಾತನ್ನು ಯಾವ ಅಂಗಡಿಯವನೂ ಹೇಳಲಾರ.

ಗುಡ್ಡ ತಿರುಗುವ ನಮ್ಮ ಕಡೆಯ ಹುಡುಗರಲ್ಲಿ ಈ ಚೀಲದ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನರಗುಂದದ ಗುಡ್ಡ ಬಯಲಿನ ನಡುವೆ ಒಮ್ಮೆಲೇ ಎದ್ದು ನಿಂತದ್ದು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬನ ಊರಿನ ಕೋಟೆ ಅದರ ಮೇಲಿದೆ. ಕಡಿದಾದ ಕಡೆ ಕೈಯೂರಿಯೇ ಏರಬೇಕು. ಏಪ್ರಿಲ್ ಬಿಸಿಲಿನಲ್ಲಿ ಬೆನ್ನಚೀಲದಡಿಯ ಅಂಗಿ ಒದ್ದೆಮುದ್ದೆ. ಟಾರ್ಚ್ ಬೇಕೆಂದರೆ ಅದನ್ನು ಇಳಿಸಿ, ಹುಡುಕಿ, ಮತ್ತೆ ಏರಿಸಬೇಕು. ಪ್ಯಾಂಟಿನ ಕಿಸೆಯಲ್ಲಿಟ್ಟ ಮೊಬೈಲು ಮೆಟ್ಟಿಲಿಗೊಮ್ಮೆ ತೊಡೆಸಂದಿಗೆ ಒತ್ತುತ್ತದೆ. ಸೊಂಟದ ಬೆಲ್ಟಿನಿಂದ ಇಳಿಬಿಟ್ಟು, ತೊಡೆಯ ಸುತ್ತ ಒಂದು ಪಟ್ಟಿ ಬಿಗಿದ ಚೀಲ ಈ ಎರಡೂ ತೊಂದರೆ ನೀಗುತ್ತದೆ. ಕೈ ಇಳಿಬಿಟ್ಟರೆ ಸಾಕು, ಬೆರಳು ಅದರ ಬಾಯಿಗೇ ತಾಗುತ್ತದೆ.

ಆದರೆ ಕಾಲಿನ ಭಾರ ಬೆನ್ನಿನ ಭಾರದಂತಲ್ಲ. ಬೆನ್ನ ಮೇಲಿನ ಹೊರೆ ದೇಹದ ಜೊತೆ ಸಾಗುತ್ತದೆ. ಕಾಲಿಗೆ ಕಟ್ಟಿದ್ದನ್ನು ಪ್ರತಿ ಹೆಜ್ಜೆಗೂ ಎತ್ತಬೇಕು, ಬೀಸಬೇಕು, ತಡೆಯಬೇಕು. ಭಾರ ಪಾದದ ಕಡೆ ಇಳಿದಷ್ಟೂ ದಣಿವು ಹೆಚ್ಚು. ಪಾದಕ್ಕೆ ಕಟ್ಟಿದ ಒಂದು ಕಿಲೋ ಬೆನ್ನಿನ ಮೇಲಿನ ಹಲವು ಕಿಲೋಗೆ ಸಮ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿದ ಕೆರವಿನಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1944ರ ಜೂನಿನಲ್ಲಿ ನಾರ್ಮಂಡಿಯ ಮೇಲೆ ವಿಮಾನದಿಂದ ಜಿಗಿದ ಅಮೆರಿಕದ ಸೈನಿಕರಲ್ಲಿ ಅನೇಕರು ಕಾಲಿಗೆ ದೊಡ್ಡ ಚೀಲ ಕಟ್ಟಿಕೊಂಡಿದ್ದರು. ಪ್ಯಾರಾಚೂಟ್ ಬಿಚ್ಚಿದ ಜಗ್ಗಿಗೆ ಎಷ್ಟೋ ಚೀಲಗಳು ಕಿತ್ತುಹೋಗಿ, ಅವರು ಬಂದೂಕು ಕಳೆದುಕೊಂಡೇ ನೆಲ ಮುಟ್ಟಿದರು. ನಮ್ಮ ಗುಡ್ಡಗಳಲ್ಲಿ ಅಂಥ ಜಗ್ಗಿಲ್ಲ, ನಿಜ. ಕಾಲು ಭಾರವನ್ನು ಹೊರುವ ಲೆಕ್ಕ ಮಾತ್ರ ಎಲ್ಲ ಕಡೆಯೂ ಒಂದೇ. ನೀರಿನ ಬಾಟಲಿ ತೊಡೆಗೆ ಬೇಡ. ಒಂದು ಲೀಟರೆಂದರೆ ಒಂದು ಕಿಲೋ. ಅದು ಬೆನ್ನಿಗಿರಲಿ. ಮೊಬೈಲು, ಸಣ್ಣ ಟಾರ್ಚು, ಚಾಕು, ಗಾಯಕ್ಕೆ ಪಟ್ಟಿ, ಓಆರ್‌ಎಸ್ ಪುಡಿ, ಟಿಪ್ಪಣಿ ಪುಸ್ತಕ ಇಷ್ಟು ಸಾಕು.

ಅಂಗಡಿಯಲ್ಲಿ ಎಲ್ಲರೂ ಮೊದಲು ಕಿಸೆ ಎಣಿಸುತ್ತಾರೆ. ನಾನು ಮೊದಲು ನೋಡುವುದು ತೊಡೆಯ ಪಟ್ಟಿ. ಅದು ಮೂರು ಬೆರಳಿನಷ್ಟಾದರೂ ಅಗಲವಿರಬೇಕು, ಸ್ವಲ್ಪ ಇಲಾಸ್ಟಿಕ್ ಇರಬೇಕು. ಮಂಡಿ ಮಡಚಿದಾಗ ತೊಡೆ ಉಬ್ಬುತ್ತದೆ. ಜಗ್ಗದ ಕಿರಿದಾದ ಪಟ್ಟಿ ಅಲ್ಲೇ ಕೊರೆಯುತ್ತದೆ, ಸಡಿಲ ಬಿಟ್ಟರೆ ಮಂಡಿಗೆ ಜಾರುತ್ತದೆ. ಚೀಲ ತೊಡೆಯ ಮುಂದೆ ಬರದೆ ಹೊರಮಗ್ಗುಲಿಗೆ, ಆದಷ್ಟು ಮೇಲೆ, ಮೈಗೆ ಅಂಟಿ ಕೂರಬೇಕು. ಇಳಿಬಿಡುವ ಪಟ್ಟಿಗೆ ಎರಡು ಕಡೆ ಹಿಡಿತವಿದ್ದರೆ ಒಳ್ಳೆಯದು. ಒಂದೇ ಕೊಂಡಿಯದು ಓಡುವಾಗ ತಿರುಗುತ್ತದೆ.

ಕಿಸೆಗಳ ಲೆಕ್ಕಕ್ಕೆ ನಮ್ಮ ಹಿರಿಯರ ಎಲೆಅಡಿಕೆಯ ಚಂಚಿ ನೋಡಿದರಾಯಿತು. ಎಲೆಗೊಂದು, ಅಡಿಕೆಗೊಂದು, ತಂಬಾಕಿಗೊಂದು ಮನೆ. ಹರಟುತ್ತಲೇ ಬೆರಳು ತನಗೆ ಬೇಕಾದ ಮನೆಗೆ ಹೋಗುತ್ತದೆ. ಮೂರು ಕಿಸೆ ದಾಟಿದರೆ ಬೆರಳಿಗೆ ಆ ನೆನಪು ಉಳಿಯುವುದಿಲ್ಲ.

ಬಟ್ಟೆ 500 ಡೆನಿಯರ್ ನೈಲಾನ್ ಇದ್ದರೆ ಸಾಕು. 1000 ಡೆನಿಯರಿನದು ಗಟ್ಟಿ, ಆದರೆ ಬಿರುಸು, ತೊಡೆಗೆ ಉಜ್ಜುತ್ತದೆ. ಜಾಳಿಗೆಯ ಹೊರಗಿಸೆ ಇರುವ ಚೀಲ ನಮ್ಮ ಕಡೆ ಬೇಡವೇ ಬೇಡ, ಬಳ್ಳಾರಿ ಜಾಲಿಯ ಮುಳ್ಳು ಮೊದಲ ದಿನವೇ ಅದನ್ನು ಹರಿಯುತ್ತದೆ. ಬೇಸಿಗೆಯ ಎರೆಧೂಳು ಸಣ್ಣಹಲ್ಲಿನ ಜಿಪ್ಪಿನಲ್ಲಿ ಕೂತರೆ ಎಳೆದರೂ ಬರುವುದಿಲ್ಲ, ಹಾಗಾಗಿ ಹಲ್ಲು ದಪ್ಪನಾಗಿರಲಿ, ಮೇಲೊಂದು ಮುಚ್ಚಳವಿರಲಿ. ಆ ಮುಚ್ಚಳಕ್ಕೆ ಬಕ್ಕಲ್ಲೇ ಬೇಕು. ಗಾಳಿಯಂತ್ರಗಳು ತಿರುಗುವ ಗಜೇಂದ್ರಗಡದ ಗುಡ್ಡದ ಮೇಲೆ ಬರಿದೆ ಇಳಿಬಿಟ್ಟ ಮುಚ್ಚಳ ಪಟಪಟ ಬಡಿದುಕೊಳ್ಳುತ್ತಲೇ ಇರುತ್ತದೆ. ವೆಲ್ಕ್ರೋ ಕೂಡ ಧೂಳು ಹುಲ್ಲು ಮೆತ್ತಿದ ಮೇಲೆ ಹಿಡಿಯುವುದಿಲ್ಲ. ಹಕ್ಕಿ ನೋಡುವವರಿಗಂತೂ ಅದನ್ನು ಕಿತ್ತ ಸಪ್ಪಳವೇ ಶತ್ರು.

ಯಾವ ಕಾಲಿಗೆ? ಬಲಗೈಯವರು ಬಲಗಾಲಿಗೆ ಕಟ್ಟಬೇಕೆನ್ನುತ್ತಾರೆ. ನಮ್ಮವರು ಗುಡ್ಡದ ಬುಡಕ್ಕೆ ಹೋಗುವುದು ಬೈಕಿನ ಮೇಲೆ, ಹತ್ತುವಾಗ ಬೀಸುವುದು ಬಲಗಾಲು. ಅದಕ್ಕೆ ಚೀಲವಿದ್ದರೆ ಸೀಟಿಗೆ ತೊಡರುತ್ತದೆ. ಎಡಗಾಲೇ ಸರಿ, ಕೈ ಎರಡೇ ದಿನಕ್ಕೆ ರೂಢಿಯಾಗುತ್ತದೆ. ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಯ ಮೆಟ್ಟಿಲೇರಿ, ವರ್ಷವಿಡೀ ಬತ್ತದ ಅಂತರಗಂಗೆಯ ನೀರು ಕುಡಿದು, ಅಲ್ಲಿಂದಾಚೆಯ ಗುಡ್ಡ ಅಲೆಯುವ ನಡಿಗೆಗೆ ಇಂಥ ಚೀಲ ಹೇಳಿ ಮಾಡಿಸಿದ್ದು. ಬಂಡೆ ಹತ್ತುವವರಿಗೆ ಮಾತ್ರ ಇದು ಬೇಡ. ಪಕ್ಕದ ಬಾದಾಮಿಯ ಕೆಂಪು ಮರಳುಗಲ್ಲಿಗೆ ಹಗ್ಗ ಹಾಕುವವರು ಚಾಕ್‌ಪುಡಿಯ ಚೀಲವನ್ನು ಸೊಂಟದ ಹಿಂದೆ ಕಟ್ಟುತ್ತಾರೆ. ಮಂಡಿ ಎದೆಯವರೆಗೆ ಬರಬೇಕಾದಲ್ಲಿ ತೊಡೆಯ ಮೇಲೆ ಏನೂ ಇರಬಾರದು.

ಸಿದ್ಧಚೀಲ ಹೊಂದದಿದ್ದರೆ ತಾಡಪತ್ರಿ ಹೊಲಿಯುವವರ ಹತ್ತಿರ ಹೋಗಿ. ಟ್ರ್ಯಾಕ್ಟರಿನ ಹೊದಿಕೆ ಹೊಲಿಯುವ ಮಷೀನಿಗೆ ಇದೊಂದು ಲೆಕ್ಕವಲ್ಲ, ನಿಮ್ಮ ತೊಡೆಯ ಅಳತೆ ಹಿಡಿದೇ ಹೊಲಿದು ಕೊಡುತ್ತಾರೆ. ಕೊಂಡರೂ ಹೊಲಿಸಿದರೂ ಹಣ ಕೊಡುವ ಮುಂಚೆ ಸಾಮಾನು ತುಂಬಿ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕುಳಿತು ಏಳಿ, ಒಂದು ಕಾಲನ್ನು ಸ್ಟೂಲಿನ ಮೇಲಿಡಿ. ಅಲ್ಲಿ ಒತ್ತುವ ಚೀಲ ಗುಡ್ಡದಲ್ಲೂ ಒತ್ತುತ್ತದೆ. ಎಷ್ಟೇ ಅಗ್ಗವಿದ್ದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.