ಐದು ಸ್ಪೀಕರ್, ಒಂದು ಕುರ್ಚಿ

ನಮ್ಮ ಮನೆಯ ಅಲ್ಮೇರಾದ ಮೇಲೆ ಎರಡು ವರ್ಷದಿಂದ ಒಂದು ರಟ್ಟಿನ ಪೆಟ್ಟಿಗೆ ಕೂತಿತ್ತು. ಅಬ್ಬಾ ದೋಹಾದಲ್ಲಿ ಒಂಬತ್ತು ವರ್ಷ ಎ.ಸಿ. ಮೆಕ್ಯಾನಿಕ್ ಆಗಿ ದುಡಿದು ಊರಿಗೆ ಮರಳಿದಾಗ ಕಾರ್ಗೋದಲ್ಲಿ ಬಂದದ್ದು. ಜೊತೆಗೆ ಬಂದ ಕಂಬಳಿ, ಹಾಲಿನ ಪುಡಿ, ಅತ್ತರು ಎಲ್ಲ ಒಂದೇ ವಾರದಲ್ಲಿ ನೆಂಟರ ಮನೆಗಳಿಗೆ ಹಂಚಿಹೋದವು. ಇದು ಮಾತ್ರ ಉಳಿಯಿತು. ಇದರೊಳಗೆ ಒಂದು ಸರೌಂಡ್ ಸೌಂಡ್ ರಿಸೀವರ್ ಮತ್ತು ಐದು ಸ್ಪೀಕರ್ ಇದ್ದವು. ಸಬ್‌ವೂಫರ್ ದೊಡ್ಡದು, ಅದು ಮಂಚದ ಕೆಳಗೆ ಸೇರಿತ್ತು. ರೂಮಿನಲ್ಲಿದ್ದ ಜೊತೆಗಾರನೊಬ್ಬ ಊರಿಗೆ ಹೊರಟಾಗ ಅಬ್ಬಾ ಅವನಿಂದ ಕಡಿಮೆ ಬೆಲೆಗೆ ಕೊಂಡಿದ್ದರಂತೆ. ಆದರೆ ಜೋಡಿಸುವುದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಟಿವಿಯದು ಬೇರೆ ತಕರಾರು. ಅದರ ಸ್ಪೀಕರ್ ಹಿಂಭಾಗದಲ್ಲಿದೆ. ಸಂಗೀತ ಜೋರು, ಮಾತು ಮಂಕು. ದಾದಿ ದಿನಾ, "ಏನು ಹೇಳ್ತಾರೋ, ಒಂದೂ ತಿಳಿಯಲ್ಲ" ಅನ್ನುತ್ತಿದ್ದರು. ಅಬ್ಬಾ ರಿಮೋಟ್ ತೆಗೆದುಕೊಂಡು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಿದ್ದರು. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಮ್ಮಿಗೆ ಮುಜುಗರ. "ದಾದಿಗೋಸ್ಕರ ಜೋರಾಗಿ ಇಡ್ತಾರೆ" ಅಂತ ನಾವೆಲ್ಲ ಸುಮ್ಮನಾಗುತ್ತಿದ್ದೆವು.

ಈ ಸಲ ದಸರಾ ರಜೆಯಲ್ಲಿ ನಾನೇ ಜೋಡಿಸುತ್ತೇನೆ ಅಂದೆ. ತಮ್ಮ ನಕ್ಕ. ಅಮ್ಮಿ, "ಕರೆಂಟಿನ ಕೆಲಸ, ಎಲೆಕ್ಟ್ರಿಷಿಯನ್‌ಗೆ ಹೇಳೋಣ" ಅಂದರು. ಅಬ್ಬಾ ಮಾತ್ರ ಸ್ಟೂಲ್ ಹತ್ತಿ ಪೆಟ್ಟಿಗೆ ಇಳಿಸಿಕೊಟ್ಟರು. ಕಾಮರ್ಸ್ ಓದುವವಳಿಗೆ ಇದೆಲ್ಲ ಯಾಕೆ ಅಂತ ನಮ್ಮ ಸೈನ್ಸ್ ವಿಭಾಗದ ಗೆಳತಿಯರು ಕೇಳಬಹುದು. ಒಂದು ಕಡೆಯಿಂದ ಹೊರಟದ್ದು ಇನ್ನೊಂದು ಕಡೆ ಸರಿಯಾಗಿ ಮುಟ್ಟಿತೋ ಇಲ್ಲವೋ ನೋಡುವುದು ನಮ್ಮದೇ ಕೆಲಸ ತಾನೇ!

ಮೊದಲು ರಿಸೀವರ್‌ನ ಹಿಂದಿನ ಪಟ್ಟಿ ಓದಿದೆ. ಹೊರದೇಶದಿಂದ ಬಂದ ಯಾವುದೇ ಯಂತ್ರಕ್ಕೂ ಇದನ್ನು ಮಾಡಲೇಬೇಕು. ಕೆಲವು ದೇಶಗಳಲ್ಲಿ ಮನೆಯ ಕರೆಂಟು 110 ಅಥವಾ 120 ವೋಲ್ಟ್. ಅಂಥದ್ದನ್ನು ತಂದು ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ನಮ್ಮದರ ಮೇಲೆ 220–240 ಅಂತ ಬರೆದಿತ್ತು. ಪ್ಲಗ್ಗಿನ ಕಾಲು ಮಾತ್ರ ಚಪ್ಪಟೆ, ನಮ್ಮ ಗೋಡೆಯ ತೂತು ದುಂಡಗೆ. ಒಂದು ಅಡಾಪ್ಟರ್ ತಂದೆವು.

5.1 ಅಂದರೆ ಏನು ಅಂತಲೂ ಆಗಲೇ ತಿಳಿದದ್ದು. ಐದು ಸ್ಪೀಕರ್‌ಗಳಿಗೆ ಐದು ಬೇರೆ ಬೇರೆ ದಾರಿ. ಮುಂದೆ ಎಡ, ನಡು, ಬಲ. ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ ಎಡ, ಬಲ. ಆ 'ಪಾಯಿಂಟ್ ಒಂದು' ಸಬ್‌ವೂಫರ್‌ನದು. ಅದು ಗುಡುಗಿನಂಥ ತಗ್ಗು ಸದ್ದನ್ನು ಮಾತ್ರ ಹೊರುವುದರಿಂದ ಪೂರ್ತಿ ಒಂದು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿನಿಮಾದಲ್ಲಿ ಜನ ಆಡುವ ಮಾತು ಹೆಚ್ಚಿನಂಶ ಬರುವುದು ನಡುವಿನ ಸ್ಪೀಕರ್‌ನಿಂದ. ದಾದಿಗೆ ಬೇಕಾಗಿದ್ದು ಅದೇ.

ಜಾಗ ಗುರುತಿಸುವುದಕ್ಕೆ ಒಂದು ಇಡೀ ಬೆಳಗ್ಗೆ ಹಿಡಿಯಿತು. ಕೇಳುವವರ ಕುರ್ಚಿ ಮೊದಲು, ಆಮೇಲೆ ಸ್ಪೀಕರ್. ಕುರ್ಚಿ ಮತ್ತು ಮುಂದಿನ ಎರಡು ಸ್ಪೀಕರ್ ಸೇರಿ ಸಮಬಾಹು ತ್ರಿಭುಜ ಆಗಬೇಕು. ಅಂದರೆ ನೇರ ನೋಟದಿಂದ ಆ ಕಡೆ 30 ಡಿಗ್ರಿ, ಈ ಕಡೆ 30 ಡಿಗ್ರಿ. ಪಕ್ಕದವು ಸುಮಾರು 110 ಡಿಗ್ರಿಯಲ್ಲಿ, ಕಿವಿಗಿಂತ ಸ್ವಲ್ಪ ಮೇಲೆ. ತಮ್ಮನ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಮತ್ತು ಅಮ್ಮಿಯ ಹೊಲಿಗೆ ದಾರ ಸಾಕಾಯಿತು. ಮುಂದಿನವು ಕುರ್ಚಿಯಿಂದ ಎಂಟೆಂಟು ಅಡಿ, ಟಿವಿ ಕೆಳಗಿನ ನಡುವಿನದು ಏಳು ಅಡಿ, ಪಕ್ಕದವು ನಾಲ್ಕೂವರೆ ಅಡಿ ಬಂದವು.

ವೈರಿನಲ್ಲಿ ಎರಡು ಎಳೆ. ಒಂದರ ಮೇಲೆ ಗೆರೆ ಇರುತ್ತದೆ. ಗೆರೆ ಇರುವುದನ್ನು ಎರಡೂ ತುದಿಯಲ್ಲಿ ಕೆಂಪಿಗೆ ಕೊಟ್ಟರೆ ಇನ್ನೊಂದು ಎರಡೂ ತುದಿಯಲ್ಲಿ ಕಪ್ಪಿಗೆ ಹೋಗಬೇಕು. ಒಂದು ಸ್ಪೀಕರ್‌ಗೆ ಅದಲುಬದಲಾದರೆ ಸದ್ದು ನಿಲ್ಲುವುದಿಲ್ಲ, ಬರುತ್ತಲೇ ಇರುತ್ತದೆ. ಆದರೆ ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ತಗ್ಗು ಸ್ವರ ಒಂದನ್ನೊಂದು ಹೊಡೆದುಹಾಕಿ, ಹಾಡು ಪೊಳ್ಳಾಗಿ ಕೇಳುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಒಳಗೆ ತಪ್ಪು ಉಳಿದಿರಬಹುದು ಅಂತ ನಮ್ಮ ಅಕೌಂಟೆನ್ಸಿ ಮೇಡಂ ಹೇಳುತ್ತಾರಲ್ಲ, ಹಾಗೆ. ಇನ್ನೊಂದು ಎಚ್ಚರ: ವೈರು ಕೊಡುವಾಗ ಪ್ಲಗ್ ತೆಗೆದಿರಬೇಕು, ಮತ್ತು ಕೆಂಪಿನ ಒಂದು ಕೂದಲೆಳೆಯೂ ಕಪ್ಪಿಗೆ ತಾಗಬಾರದು. ನನ್ನದು ಒಂದು ಎಳೆ ತಾಗಿತ್ತು. ರಿಸೀವರ್ ಹೊತ್ತಿಕೊಂಡ ಕೂಡಲೇ ತಾನೇ ಆರಿಹೋಯಿತು. ತಮ್ಮ ಮತ್ತೆ ನಕ್ಕ. ಎಳೆ ಹೊಸೆದು ಬಿಗಿ ಮಾಡಿದ ಮೇಲೆ ಸರಿಹೋಯಿತು.

ಟಿವಿಗೂ ರಿಸೀವರ್‌ಗೂ ಎಚ್‌ಡಿಎಂಐ ಕೇಬಲ್ ಹಾಕಿದೆ. ಟಿವಿಯಲ್ಲಿ ಎಲ್ಲ ತೂತಿಗೂ ಇದು ನಡೆಯುವುದಿಲ್ಲ, 'ಎಆರ್‌ಸಿ' ಅಂತ ಬರೆದಿರುವುದಕ್ಕೇ ಹಾಕಬೇಕು. ಆದರೂ ಹಿಂದಿನ ಸ್ಪೀಕರ್ ಬಾಯಿ ಬಿಡಲಿಲ್ಲ. ಒಂದು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಟಿವಿಯ ಸೆಟ್ಟಿಂಗಿನಲ್ಲಿ ಸದ್ದು 'ಪಿಸಿಎಂ' ಅಂತ ಇತ್ತು. ನಮ್ಮಂಥ ಟಿವಿಯಲ್ಲಿ ಹಾಗಿದ್ದರೆ ಎರಡೇ ದಾರಿಯ ಸದ್ದು ಹೊರಗೆ ಬರುತ್ತದೆ. 'ಬಿಟ್‌ಸ್ಟ್ರೀಮ್' ಮಾಡಿದೆ, ಐದೂ ಎದ್ದವು.

ಸಬ್‌ವೂಫರ್ ಎಲ್ಲಿಡಬೇಕು ಅನ್ನುವುದಕ್ಕೆ ಒಂದು ತಮಾಷೆಯ ಉಪಾಯ ಇದೆ. ಅದನ್ನೇ ಕುರ್ಚಿಯ ಜಾಗದಲ್ಲಿಟ್ಟು ತಗ್ಗು ಸ್ವರದ ಹಾಡು ಹಾಕಿ, ನಾವು ಗೋಡೆಗುಂಟ ಅಂಬೆಗಾಲಿಡುತ್ತ ಹೋಗಬೇಕು. ಎಲ್ಲಿ ಸದ್ದು ಅದುಮದೆ ಗುಮ್ಮೆನ್ನದೆ ಸಮನಾಗಿ ಕೇಳುತ್ತದೋ ಅಲ್ಲಿ ಅದನ್ನಿಡಬೇಕು. ನಾನು ನೆಲಕ್ಕೆ ಕಿವಿ ಹಚ್ಚಿಕೊಂಡು ತೆವಳುವುದನ್ನು ನೋಡಿ ದಾದಿ, "ಕ್ಯಾ ಢೂಂಡ್‌ರೈ ಗೇ?" ಅಂದರು. ಏನೇ ಹುಡುಕ್ತಿದೀಯ ಅಂತ. "ಸದ್ದು ಹುಡುಕ್ತಿದೀನಿ ದಾದಿ" ಅಂದೆ. ಅಬ್ಬಾ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಅಬ್ಬಾ ದೋಹಾಕ್ಕೆ ಹೋದಾಗ ನಾನು ಆರು ವರ್ಷದವಳು. ಫೋನಿನಲ್ಲಿ ಎಷ್ಟೊಂದು ಮಾತಾಡುತ್ತಿದ್ದರು. ಮರಳಿ ಬಂದ ಮೇಲೆ ಮಾತ್ರ ಬೇರೆಯವರಂತೆ ಆದರು. ಕರೆದರೆ ಒಮ್ಮೊಮ್ಮೆ ತಿರುಗುತ್ತಲೇ ಇರಲಿಲ್ಲ. ದಸ್ತರ್‌ಖ್ವಾನ್ ಹಾಸಿದಾಗ ಅವರ ಎಡಕ್ಕೆ ನನ್ನ ಜಾಗ, ಬಲಕ್ಕೆ ತಮ್ಮನದು. ಅವರು ತಮ್ಮನೊಂದಿಗೇ ಮಾತಾಡುತ್ತಿದ್ದರು. ಫಸ್ಟ್ ಪಿಯುಸಿ ಫಲಿತಾಂಶದ ರಾತ್ರಿ ಊಟ ಮಾಡುತ್ತ, "ಅಬ್ಬಾ, ಅಕೌಂಟೆನ್ಸಿಯಲ್ಲಿ 94 ಬಂತು" ಅಂದೆ. ಅವರು ಅನ್ನ ಕಲಸುತ್ತಲೇ ಇದ್ದರು. ನಾನು ಎರಡನೇ ಸಲ ಹೇಳಲಿಲ್ಲ. ಹುಡುಗಿಯ ಅಂಕ ಯಾರಿಗೆ ಬೇಕು ಅಂದುಕೊಂಡೆ. ಆ ರಾತ್ರಿ ದಿಂಬು ಒದ್ದೆ ಮಾಡಿದ್ದು ಅಮ್ಮಿಗೂ ಗೊತ್ತಿಲ್ಲ.

ಮತ್ತೆ ರಿಸೀವರ್‌ಗೆ ಬರುತ್ತೇನೆ. ಕೊನೆಯ ಕೆಲಸ ಅಳತೆ ಹೊಂದಿಸುವುದು. ಇದಕ್ಕೆ ಒಂದು ಪುಟ್ಟ ಮೈಕ್ ಕೊಟ್ಟಿರುತ್ತಾರೆ. ಅದನ್ನು ಕುರ್ಚಿಯಲ್ಲಿಟ್ಟರೆ ಯಂತ್ರವೇ ಎಲ್ಲ ಅಳೆದುಕೊಳ್ಳುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಅದಿರಲಿಲ್ಲ. ಹಾಗಾಗಿ ಕೈಯಿಂದಲೇ ಮಾಡಬೇಕಾಯಿತು. ಸದ್ದು ಒಂದು ಅಡಿ ದಾಟುವುದಕ್ಕೆ ಹೆಚ್ಚುಕಡಿಮೆ 1 ಮಿಲಿಸೆಕೆಂಡ್ ಬೇಕು. ಪ್ರತಿ ಸ್ಪೀಕರ್ ಎಷ್ಟು ದೂರ ಅಂತ ಬರೆದುಕೊಟ್ಟರೆ, ರಿಸೀವರ್ ಹತ್ತಿರದ್ದನ್ನು ಅಷ್ಟು ತಡೆದು ಕಳಿಸುತ್ತದೆ. ಎಲ್ಲವೂ ಕೂತವರ ಕಿವಿಯನ್ನು ಒಟ್ಟಿಗೇ ಮುಟ್ಟುತ್ತವೆ. ಟೇಪಿನಲ್ಲಿ ಅಳೆದು ಬರೆದೆ. ಚಿಕ್ಕ ಸ್ಪೀಕರ್‌ಗಳಿಗೆ ಭಾರವಾಗದಂತೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರ್‌ಗೆ ಒಪ್ಪಿಸಿದೆ.

ಇನ್ನು ಉಳಿದದ್ದು ಟೆಸ್ಟ್ ಟೋನ್. ಮಳೆ ಸುರಿದಂತೆ 'ಶ್' ಅನ್ನುವ ಸದ್ದು ಒಂದೊಂದೇ ಸ್ಪೀಕರ್‌ನಿಂದ ಸರದಿಯಾಗಿ ಬರುತ್ತದೆ. ಎಲ್ಲವೂ ಒಂದೇ ಜೋರಿನಲ್ಲಿ ಕೇಳುವಂತೆ ಹೊಂದಿಸಬೇಕು. ಕುರ್ಚಿಯಲ್ಲಿ ಅಬ್ಬಾ ಅವರನ್ನು ಕೂರಿಸಿದೆ. "ಕಣ್ಣು ಮುಚ್ಚಿ, ಸದ್ದು ಬಂದ ಕಡೆಗೆ ಕೈ ತೋರಿಸಿ" ಅಂದೆ.

ಮೊದಲು ಮುಂದಿನ ಎಡ. ಅಬ್ಬಾ ಬಲಗೈ ಎತ್ತಿದರು.

ಎಡ ಬಲ ಅದಲುಬದಲಾಗಿದೆ ಅಂತ ರಿಸೀವರ್ ಹಿಂದೆ ಹೋಗಿ ವೈರು ಬದಲಿಸಿದೆ. ಮತ್ತೆ ಹಾಕಿದೆ. ಬಲಗೈ. ಸರಿ, ಈಗ ಸರಿಹೋಯಿತು ಅಂದುಕೊಂಡು ಇನ್ನೊಂದಕ್ಕೆ ಹೋದೆ. ಅದಕ್ಕೂ ಬಲಗೈ. ಪಕ್ಕದ ಎರಡಕ್ಕೂ ಬಲಗೈ. ಐದು ಸ್ಪೀಕರ್‌ಗಳೂ ಕೋಣೆಯ ಒಂದೇ ಕಡೆ ಇದ್ದಂತೆ! ತಮ್ಮನನ್ನು ಕೂರಿಸಿದೆ. ಅವನು ಸರಿಯಾಗಿ ತೋರಿಸಿದ, ನಾನು ವೈರು ಬದಲಿಸಿದ್ದೇ ತಪ್ಪು ಅಂತಲೂ ಹೇಳಿದ. ವೈರನ್ನು ಮೊದಲಿನಂತೆ ಮಾಡಿ, ನಾನೇ ಕೂತು ನೋಡಿದೆ. ಎಡ ಎಡದಲ್ಲೇ ಇತ್ತು, ಬಲ ಬಲದಲ್ಲೇ.

"ಅಬ್ಬಾ, ಇನ್ನೊಂದು ಸಲ ಗಮನ ಕೊಟ್ಟು ಕೇಳಿ" ಅಂದೆ. ಅವರು ಕಣ್ಣು ಬಿಟ್ಟರು. ಎಡಗಿವಿ ಮುಟ್ಟಿ ಮೆಲ್ಲಗೆ, "ನಿನ್ನ ವೈರು ಸರಿಯಾಗೇ ಇದೆ ಬೇಟಾ. ಇದು ಸರಿ ಇಲ್ಲ" ಅಂದರು.

ದೋಹಾಕ್ಕೆ ಹೋದ ಮೂರನೇ ವರ್ಷ ಕಿವಿ ಸೋರುವುದಕ್ಕೆ ಶುರುವಾಗಿತ್ತಂತೆ. ಅಂಗಡಿಯಲ್ಲಿ ಡ್ರಾಪ್ಸ್ ತಂದು ಹಾಕಿಕೊಂಡರು. ನೋವು ಹೋಯಿತು, ಕೇಳುವುದೂ ಕಡಿಮೆಯಾಯಿತು. ಹೇಳಿದರೆ ಅಮ್ಮಿ ವಾಪಸ್ ಬನ್ನಿ ಅನ್ನುತ್ತಾರೆ, ಮನೆಯ ಸಾಲ ಇನ್ನೂ ಇತ್ತು. ಆಮೇಲೆ ಒಂದೇ ಕಿವಿಯಲ್ಲಿ ಬದುಕುವುದು ರೂಢಿಯಾಯಿತು. ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯುವುದಕ್ಕೆ ಎರಡು ಕಿವಿ ಬೇಕು. ಯಾವ ಕಿವಿಗೆ ಮೊದಲು ಮುಟ್ಟಿತು, ಯಾವುದಕ್ಕೆ ಜೋರಾಗಿ ಮುಟ್ಟಿತು ಅಂತ ತೂಗಿ ನೋಡಿಯೇ ಮಿದುಳು ದಿಕ್ಕು ಹೇಳುವುದು. ಅಬ್ಬಾ ಅವರಿಗೆ ಎಲ್ಲ ಸದ್ದೂ ಬಲದಿಂದಲೇ ಬರುತ್ತಿತ್ತು. ಟಿವಿ ಜೋರಾಗಿ ಇಡುತ್ತಿದ್ದದ್ದು ದಾದಿಗೋಸ್ಕರ ಅಲ್ಲ. ಫೋನನ್ನು ಯಾವಾಗಲೂ ಬಲಗಿವಿಗೆ ಹಿಡಿಯುತ್ತಿದ್ದದ್ದು, ಎಡಕ್ಕೆ ಕೂತ ನನ್ನ 94 ಅವರನ್ನು ಮುಟ್ಟದೆ ಇದ್ದದ್ದು, ಎಲ್ಲ ಒಂದೇ ಲೆಕ್ಕ.

ದಾದಿ ಕೂಡಲೇ ಬಿಸಿ ಎಣ್ಣೆ ಬಿಡೋಣ ಅಂದರು. ಅಮ್ಮಿ ಕೇಳಲಿಲ್ಲ. ಮಾರನೇ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ನಾನೂ ಹೋದೆ. ಕಿವಿಯ ಡಾಕ್ಟರ್ ದೀಪ ಹಿಡಿದು ನೋಡಿ, ತಮಟೆಯಲ್ಲಿ ತೂತಿದೆ ಅಂದರು. ಮುಚ್ಚಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ಸದ್ದು ಕೇಳಿದಾಗ ಬಟನ್ ಒತ್ತಬೇಕು, ನಮ್ಮ ಟೆಸ್ಟ್ ಟೋನಿನ ಹಾಗೆಯೇ. ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಕೆಂಪು ಮೇಲೆ, ನೀಲಿ ಎಷ್ಟೋ ಕೆಳಗೆ. ಎಣ್ಣೆ ಹಾಕಬೇಡಿ, ಸ್ನಾನ ಮಾಡುವಾಗ ಹತ್ತಿ ಇಟ್ಟು ನೀರು ಹೋಗದಂತೆ ನೋಡಿ, ಕಿವಿ ಪೂರ್ತಿ ಒಣಗಲಿ, ಆಮೇಲೆ ತಮಟೆಗೆ ತೇಪೆ ಹಾಕುವ ಆಪರೇಷನ್ ಬಗ್ಗೆ ಯೋಚಿಸೋಣ ಅಂದರು. ಈಗ ಔಷಧಿ ನಡೆದಿದೆ. ಮುಂದಿನದು ಮುಂದೆ.

ಮನೆಗೆ ಬಂದು ಅಳತೆ ಮತ್ತೆ ಮಾಡಿದೆ. ಪುಸ್ತಕದ ಪ್ರಕಾರ ಕುರ್ಚಿ ನಡುವೆ ಇರಬೇಕು. ನಾನು ಅಬ್ಬಾ ಅವರ ಕುರ್ಚಿಯನ್ನು ಎಡಗೋಡೆಯ ಕಡೆ ಸರಿಸಿದೆ, ಬಲಗಿವಿ ಕೋಣೆಗೆ ತೆರೆದಿರಲಿ ಅಂತ. ನಡುವಿನ ಸ್ಪೀಕರ್ ಅವರ ಕಡೆಗೆ ತಿರುಗಿಸಿ, ಅದೊಂದನ್ನೇ ಮೂರು ಡೆಸಿಬೆಲ್ ಏರಿಸಿದೆ. ರಾತ್ರಿ ಹೊತ್ತಿಗೆ 'ನೈಟ್ ಮೋಡ್' ಹಾಕಿದರೆ ಸ್ಫೋಟದ ಸದ್ದು ತಗ್ಗಿ ಮಾತು ಮೇಲೇಳುತ್ತದೆ. ಈಗ ಒಟ್ಟು ವಾಲ್ಯೂಮ್ ಮೊದಲಿಗಿಂತ ಕಡಿಮೆ. ದಾದಿಗೂ ಮಾತು ತಿಳಿಯುತ್ತದೆ, ಪಕ್ಕದ ಮನೆಯವರಿಗೂ ನೆಮ್ಮದಿ.

ಆ ರಾತ್ರಿ ದಸ್ತರ್‌ಖ್ವಾನ್ ಹಾಸಿದಾಗ ತಮ್ಮನನ್ನು ಎಬ್ಬಿಸಿ ನಾನು ಅಬ್ಬಾ ಅವರ ಬಲಕ್ಕೆ ಕೂತೆ. "ಫಸ್ಟ್ ಪಿಯುಸಿಯಲ್ಲಿ ಅಕೌಂಟೆನ್ಸಿಗೆ 94 ಬಂದಿತ್ತು" ಅಂದೆ. ಅವರು ತುತ್ತು ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂದರು.

ಹೇಳಿದ್ದೆ ಅಂತ ನಾನು ಹೇಳಲಿಲ್ಲ. "ಮರೆತಿದ್ದೆ ಅಬ್ಬಾ" ಅಂದೆ.

ನಿಮ್ಮ ಮನೆಯಲ್ಲೂ ಯಾರಾದರೂ ಟಿವಿ ಜೋರಾಗಿ ಇಡುತ್ತಿದ್ದರೆ, ಕರೆದಾಗ ತಿರುಗದಿದ್ದರೆ, ಕೋಪ ಮಾಡಿಕೊಳ್ಳುವ ಮೊದಲು ಒಮ್ಮೆ ಇನ್ನೊಂದು ಪಕ್ಕದಲ್ಲಿ ಕೂತು ಕರೆದು ನೋಡಿ. ಅಬ್ಬಾ ಅವರ ಆಪರೇಷನ್ ಚೆನ್ನಾಗಿ ಆಗಲಿ ಅಂತ ದುಆ ಮಾಡಿ. ಅದಾದ ಮೇಲೆ ಕುರ್ಚಿಯನ್ನು ಮತ್ತೆ ನಡುವಿಗೆ ತಂದು, ಟೆಸ್ಟ್ ಟೋನ್ ಹಾಕಬೇಕು ಅಂದುಕೊಂಡಿದ್ದೇನೆ. ಮೊದಲು ಮುಂದಿನ ಎಡ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ