ಮಣ್ಣೊಳಗೆ ಹೋದ ದುಡ್ಡು (ಭಾಗ 6)

ನಿಮ್ಮ ಮನೆಯ ಪಾಯಾ ಎಷ್ಟು ಅಡಿ ಆಳ ಇದೆ, ಗೊತ್ತಾ? ಟೈಲ್ಸ್ ಬಣ್ಣ ಗೊತ್ತಿರುತ್ತೆ, ಗೇಟಿನ ಡಿಸೈನ್ ಗೊತ್ತಿರುತ್ತೆ. ಪಾಯಾ ಬಗ್ಗೆ ಮಾತ್ರ ಯಾರೂ ಕೇಳಲ್ಲ. ಅದಕ್ಕೇ ಇವತ್ತಿನ ಫೋಟೋದಲ್ಲಿ ಬರೀ ಗುಂಡಿ ಇದೆ. 🙂

ನಮ್ಮದು ಗದಗ ಕಡೆ ಎರೆ ಭೂಮಿ. ಹತ್ತಿಗೆ ಬಂಗಾರ, ಮನೆಗೆ ವೈರಿ. ಮಳೆ ಬಂದ್ರೆ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಮೇಲಿರೋ ಗೋಡೆಯೂ ಅದರ ಜೊತೆ ಏರಿಳಿದು, ಕಿಟಕಿ ಮೂಲೆಯಿಂದ ಓರೆಯಾಗಿ ಸೀಳು ಬಿಡುತ್ತೆ. ಹಾಗಾಗಿ ಕಪ್ಪು ಮಣ್ಣು ಮುಗಿದು ಗರಸು ಸಿಗೋವರೆಗೂ ಅಗೀಬೇಕು. ನಾಲ್ಕು ಅಡಿಗೆ ಸಿಗುತ್ತೆ ಅಂದ್ಕೊಂಡಿದ್ವಿ. ಸಿಕ್ಕಿದ್ದು ಏಳು ಅಡಿಗೆ. ಆ ಮೂರು ಅಡಿಯಲ್ಲಿ ಮಹಡಿ ಮೇಲಿನ ರೂಮಿನ ದುಡ್ಡು ಹೋಯ್ತು. ಆ ರೂಮು ನನ್ನದಾಗಬೇಕಿತ್ತು.

"ಯಾರಿಗೆ ಕಾಣ್ತದ ಬಿಡ್ರಿ, ನಾಲ್ಕಕ್ಕ ನಿಲ್ಲಸ್ರಿ" ಅಂದವರೂ ಇದ್ರು. ಅಪ್ಪ ಗೌಂಡಿಗೆ ಹೇಳಿದ್ದು ಒಂದೇ ಮಾತು: "ಗರಸು ಹತ್ತೋತನಕ ಅಗೀರಿ."

ಬಿಕಾಂ ಓದೋಳು ನಾನು, ಯೋಚನೆ ಲೆಕ್ಕದಲ್ಲೇ ಬರುತ್ತೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಪಾಯಾಕ್ಕೆ ಅಂತ ಬೇರೆ ಸಾಲು ಇರಲ್ಲ. 'ಕಟ್ಟಡ' ಅನ್ನೋ ಸಾಲಿನೊಳಗೆ ಅದೂ ಸೇರಿಹೋಗಿರುತ್ತೆ. ಆದರೆ ಅದಿಲ್ಲದೆ ಆ ಸಾಲಿನ ಮೊತ್ತಕ್ಕೆ ಅರ್ಥವೇ ಇಲ್ಲ.

ಗೌಂಡಿ 'ಪಾಯಾ' ಅನ್ನೋದನ್ನೇ ನಮ್ಮ ಕನ್ನಡ ಬೈಬಲ್ 'ಅಸ್ತಿವಾರ' ಅನ್ನುತ್ತೆ. ಮನೆ ಕಟ್ಟಿದ ಇಬ್ಬರ ಬಗ್ಗೆ ಯೇಸು ಹೇಳಿದ ಸಾಮ್ಯ ಮತ್ತಾಯ 7ರಲ್ಲೂ ಇದೆ, ಲೂಕ 6ರಲ್ಲೂ ಇದೆ. ಮತ್ತಾಯದಲ್ಲಿ ಬಂಡೆ ಮತ್ತು ಮರಳು. ಆಳಕ್ಕೆ ಅಗೆದ ವಿಷಯ ಬರೋದು ಲೂಕನಲ್ಲಿ. ಆ ದೇಶದಲ್ಲಿ ಬೇಸಿಗೆಗೆ ಹಳ್ಳಗಳು ಒಣಗಿ ಗಟ್ಟಿ ನೆಲದ ಹಾಗೇ ಕಾಣುತ್ತವೆ, ಮಳೆ ಬಂದಾಗ ಒಮ್ಮೆಲೇ ತುಂಬಿ ಹರಿಯುತ್ತವೆ. ನಮ್ಮ ಎರೆಯೂ ಮೇ ತಿಂಗಳಲ್ಲಿ ಕಲ್ಲಿನ ಹಾಗೇ ಇರುತ್ತಲ್ವಾ? ಮಾರ್ಕ 6ರಲ್ಲಿ ಯೇಸುವನ್ನ ಜನ ಬಡಗಿ ಅಂತಾರೆ. ಅಲ್ಲಿರೋ ಗ್ರೀಕ್ ಪದ 'ಟೆಕ್ಟೋನ್'. ಅದಕ್ಕೆ ಮನೆ ಕಟ್ಟೋ ಕೆಲಸದವನು ಅನ್ನೋ ಅರ್ಥವೂ ಇದೆ. ನಮ್ಮ ಗೌಂಡಿಯ ಕಷ್ಟ ಆತನಿಗೆ ಚೆನ್ನಾಗೇ ಗೊತ್ತಿತ್ತು ಅನ್ಸುತ್ತೆ.

ಆ ಸಾಮ್ಯದಲ್ಲಿ ಎರಡು ವಿಷಯ ಗಮನಿಸಿ. ಇಬ್ಬರೂ ಅದೇ ಮಾತು ಕೇಳಿದವರು, ವ್ಯತ್ಯಾಸ ಇರೋದು ಕೇಳಿದ ಹಾಗೆ ನಡೆಯೋದರಲ್ಲಿ. ಎರಡನೇದು, ಪ್ರವಾಹ ಇಬ್ಬರ ಮನೆಗೂ ಬಂತು.

ಅಮ್ಮ ತೀರಿಕೊಂಡು ಎರಡು ವರ್ಷ ಆಯ್ತು. ನಾವು ಪ್ರಾರ್ಥನೆ ಮಾಡಿದ್ವಿ, ಸಭೆಯವರು ಉಪವಾಸ ಹಿಡಿದ್ರು. ಅಮ್ಮ ಉಳಿಯಲಿಲ್ಲ. "ನಿಮ್ಮ ನಂಬಿಕೆ ಸಾಲಲಿಲ್ಲ" ಅಂದವರೂ ಇದ್ದಾರೆ. ಅಂಥವರಿಗೆ ಈ ಸಾಮ್ಯ ಇನ್ನೊಮ್ಮೆ ಓದಿ ಅಂತೀನಿ. ಬಂಡೆ ಮೇಲಿನ ಮನೆಗೂ ನೀರು ಬಡೀತು. ಬಡಿಯಲ್ಲ ಅಂತ ಯೇಸು ಎಲ್ಲೂ ಹೇಳಿಲ್ಲ.

ಅಮ್ಮ ಇದ್ದಾಗ ದಿನಾ ರಾತ್ರಿ ಒಂಬತ್ತಕ್ಕೆ ಮನೆಪ್ರಾರ್ಥನೆ. ಕರೆಂಟ್ ಹೋದ್ರೂ, ನೆಂಟರು ಬಂದ್ರೂ, ಮರುದಿನ ಪರೀಕ್ಷೆ ಇದ್ರೂ. ನಾನು, ತಮ್ಮ ಜಗಳ ಆಡಿದ ದಿನ ಕ್ಷಮೆ ಕೇಳದೆ 'ಆಮೆನ್' ಹೇಳೋ ಹಾಗಿರಲಿಲ್ಲ. ಹದಿನೈದು ನಿಮಿಷ, ಅಷ್ಟೇ. ನೋಡೋವರಿಗೆ ಏನೂ ವಿಶೇಷ ಇಲ್ಲ.

ಅಮ್ಮನನ್ನ ಮಣ್ಣು ಮಾಡಿ ಬಂದ ರಾತ್ರಿ ಒಂಬತ್ತಕ್ಕೆ ಅಪ್ಪ ಬೈಬಲ್ ತೆಗೆದ್ರು. ಓದೋಕೆ ಆಗಲಿಲ್ಲ. ತಮ್ಮ ಇಸ್ಕೊಂಡು ಓದಿದ. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಆ ರಾತ್ರಿ ನನ್ನೊಳಗೆ ನಂಬಿಕೆ ಅನ್ನೋ ಭಾವನೆ ಒಂದು ಚೂರೂ ಇರಲಿಲ್ಲ. ಆದರೂ ನಾವು ಮೂವರೂ ಒಂದೇ ಚಾಪೆ ಮೇಲೆ ಕೂತಿದ್ವಿ. ನಮ್ಮನ್ನ ಅಲ್ಲಿಗೆ ತಂದು ಕೂರಿಸಿದ್ದು ಅಮ್ಮ ವರ್ಷಗಟ್ಟಲೆ ಅಗೆದು ಹಾಕಿದ ಅಸ್ತಿವಾರ.

ನೀವೂ ಯಾರಿಗೂ ಕಾಣದ ಏನಾದ್ರೂ ಮಾಡ್ತಿರಬಹುದು. ದಿನಾ ಒಂದು ಅಧ್ಯಾಯ ಓದೋದು, ಮಾತು ಬಿಟ್ಟವರಿಗೆ ನೀವೇ ಮೊದಲು ಫೋನ್ ಮಾಡೋದು, ಹಾಸಿಗೆ ಹಿಡಿದ ಅಜ್ಜಿಯ ಪಕ್ಕ ಕೂರೋದು. ಲೈಕ್ ಬರಲ್ಲ, ಪ್ರಗತಿ ಕಾಣಲ್ಲ, ಗುಂಡಿ ಅಷ್ಟೇ ಕಾಣೋದು. ನಿಲ್ಲಿಸಬೇಡಿ. ಪಾಯಾ ಅಗೆಯೋದು ಬೇಸಿಗೆಯಲ್ಲಿ. ಮಳೆ ಹಿಡಿದ ಮೇಲೆ ಆ ಗುಂಡಿಯಲ್ಲಿ ನೀರು ನಿಲ್ಲುತ್ತೆ, ಕೆಲಸ ಸಾಗಲ್ಲ.

ನಿಮ್ಮ ಮನೆಯ ಅಸ್ತಿವಾರ ಹಾಕಿದವರು ಯಾರು? ಕಾಮೆಂಟ್‌ನಲ್ಲಿ ಹೇಳಿ. ಭಾಗ 7ರಲ್ಲಿ ಪ್ಲಿಂತ್ ಬೀಮ್.

#ಅಸ್ತಿವಾರ #ಮನೆಕಟ್ಟೋಕಥೆ #ನಂಬಿಕೆ