ಮನೆ ಹುಡುಕುವ ಜರಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಹುಡುಕಿ ನೋಡು ಎಂದು ಮಾತ್ರ ಅವರು ಹೇಳಲಿಲ್ಲ. ವರ್ಗಾವಣೆಯ ನೌಕರಿ ಮಾಡಿದವರಿಗೆ ಈ ಮೂರನೆಯ ಕಷ್ಟ ಚೆನ್ನಾಗಿ ಗೊತ್ತು. ನಾನು ಮೇಷ್ಟ್ರಾದ ಹೊಸದರಲ್ಲಿ ಮನೆ ಹುಡುಕುವ ಸಾಧನವೆಂದರೆ ಒಂದು ಸೈಕಲ್ಲು ಮತ್ತು ಬೀದಿ ಕೊನೆಯ ಇಸ್ತ್ರಿ ಅಂಗಡಿ. ಯಾವ ಮನೆ ಖಾಲಿ, ಯಾವ ಮಾಲೀಕರು ಸಿಡುಕರು, ಯಾವ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ ಎಂಬುದೆಲ್ಲ ಇಸ್ತ್ರಿಯವನ ನಾಲಿಗೆಯ ತುದಿಯಲ್ಲಿತ್ತು. ಇಂದು ಆ ಕೆಲಸ ಮೊಬೈಲಿಗೆ ಬಂದಿದೆ. ಊರು, ಬಡಾವಣೆ, ಕೋಣೆಗಳ ಸಂಖ್ಯೆ, ಬಾಡಿಗೆ ಎಂದು ನಾಲ್ಕು ಕಡೆ ಬೆರಳಿಟ್ಟರೆ ಮನೆಗಳ ಪಟ್ಟಿ ಬಂದು ನಿಲ್ಲುತ್ತದೆ. ಬಂದ ಪಟ್ಟಿಯನ್ನು ನಾವು ನಂಬುತ್ತೇವೆ. ಬಾರದೆ ಉಳಿದದ್ದು ಏನು ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಅವನ ತಂದೆ ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಆಸುಪಾಸಿನಲ್ಲಿ ಮೂರು ದಶಕಗಳಿಂದ ಮನೆ ಬ್ರೋಕರ್. ಅವರ ಬಂಡವಾಳವೆಲ್ಲ ಕೆಂಪು ರಟ್ಟಿನ ಉದ್ದನೆಯ ಒಂದು ಲೆಕ್ಕದ ಪುಸ್ತಕ. ಬಿ.ಸಿ.ಎ. ಮುಗಿಸಿದ ಮಗ ಆ ಪುಸ್ತಕವನ್ನೇ ಜಾಲತಾಣ ಮಾಡಲು ಹೊರಟಿದ್ದ. ಪುಟ, ಬಣ್ಣ, ಚಿತ್ರ ಎಲ್ಲ ಸಿದ್ಧವಾಗಿತ್ತು. ಅದರೊಳಗೆ ಮನೆ ಹುಡುಕಿಕೊಡುವ ಸಾಧನ ಯಾವುದಿರಬೇಕು ಎನ್ನುವಲ್ಲಿ ಸಿಕ್ಕಿಕೊಂಡಿದ್ದ. ಅವನ ಮುಂದೆ ಮೂರು ದಾರಿ. ಒಂದು, ಅಮೆರಿಕದ ಬ್ರೋಕರುಗಳಿಗಾಗಿ ತಯಾರಾದ ಸಿದ್ಧ ಸಾಧನ. ಎರಡು, ತಿಂಗಳಿಗಿಷ್ಟೆಂದು ಡಾಲರಿನಲ್ಲಿ ಬಾಡಿಗೆ ಕೇಳುವ ಭಾರೀ ಹುಡುಕು ಯಂತ್ರ. ಮೂರು, ಮಾಹಿತಿಯನ್ನು ಕೂಡಿಡುವ ಉಚಿತ ತಂತ್ರಾಂಶದಲ್ಲೇ ಇರುವ ಸಾದಾ ಹುಡುಕಾಟ.

"ಅಪ್ಪನ ಮಾತಿಗೆ ಊರಲ್ಲಿ ಬೆಲೆ ಇದೆ ಸಾರ್. ನನ್ನ ಜಾಲತಾಣ ಸುಳ್ಳು ಹೇಳಿದರೆ ಜನಕ್ಕೆ ಅದು ಅಪ್ಪ ಹೇಳಿದ ಸುಳ್ಳೇ," ಎಂದ.

ನನಗೆ ತಂತ್ರಾಂಶ ಬರೆಯಲು ಬಾರದು. ಆದರೆ ಉಪಕರಣವನ್ನು ಪರೀಕ್ಷಿಸುವುದು ಹೇಗೆಂದು ಗೊತ್ತು. ವರ್ನಿಯರ್ ಕ್ಯಾಲಿಪರ್ಸ್ ಕೈಗೆತ್ತಿಕೊಂಡ ಹುಡುಗನಿಗೆ ನಾವು ಮೊದಲು ಹೇಳುವುದೇನು? ಎರಡು ದವಡೆಗಳನ್ನೂ ಮುಚ್ಚಿ ಸೊನ್ನೆ ಸೊನ್ನೆಗೆ ಕೂಡಿದೆಯೇ ನೋಡು ಎಂದು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮೊದಲು ಕೇಳು, ಗೊತ್ತಿಲ್ಲದ್ದನ್ನು ಆಮೇಲೆ ಕೇಳು. ಹುಡುಕು ಸಾಧನಕ್ಕೂ ಇದೇ ನಿಯಮ. ಇದನ್ನು ಶಾಸ್ತ್ರೀಯವಾಗಿ ಮಾಡಿ ತೋರಿಸಿದವರು ಇಂಗ್ಲೆಂಡಿನ ಒಬ್ಬ ಗ್ರಂಥಪಾಲಕರು. ಕ್ರ್ಯಾನ್‌ಫೀಲ್ಡ್‌ನ ವಿಮಾನಶಾಸ್ತ್ರ ಕಾಲೇಜಿನಲ್ಲಿದ್ದ ಸಿರಿಲ್ ಕ್ಲೆವರ್ಡನ್ 1960ರ ದಶಕದಲ್ಲಿ 1,400 ಪ್ರಬಂಧಗಳನ್ನು ಕೂಡಿಹಾಕಿ, ಯಾವ ಪ್ರಶ್ನೆಗೆ ಯಾವ ಪ್ರಬಂಧ ಉತ್ತರವಾಗುತ್ತದೆಂದು ಬಲ್ಲವರಿಂದ ಗುರುತು ಹಾಕಿಸಿ, ಆಮೇಲೆ ಒಂದೊಂದು ಹುಡುಕುವ ವಿಧಾನವನ್ನೂ ಒರೆಗೆ ಹಚ್ಚಿದರು. ಇಂದಿಗೂ ಹುಡುಕು ಯಂತ್ರಗಳ ಪರೀಕ್ಷೆ ನಡೆಯುವುದು ಹೆಚ್ಚುಕಡಿಮೆ ಆ ದಾರಿಯಲ್ಲೇ.

ನಾವೂ ಹಾಗೇ ಮಾಡಿದೆವು. ತಂದೆ ತಮ್ಮ ಪುಸ್ತಕ ನೋಡಿಕೊಂಡು ಇಪ್ಪತ್ತು ಪ್ರಶ್ನೆ ಬರೆದುಕೊಟ್ಟರು, ಉತ್ತರಗಳನ್ನು ಬೇರೆ ಹಾಳೆಯಲ್ಲಿ ಬರೆದು ಮಡಚಿಟ್ಟರು. ಪುಸ್ತಕದಲ್ಲಿದ್ದ ಸುಮಾರು ನಾನೂರು ಮನೆಗಳನ್ನು ಮಗ ಮೂರೂ ಸಾಧನಗಳಿಗೆ ತುಂಬಿಸಿದ. ಮೊದಲ ಪ್ರಶ್ನೆ: ಕುವೆಂಪುನಗರದಲ್ಲಿ ಎರಡು ಕೋಣೆಯ ಮನೆ, ಬಾಡಿಗೆ 15,000 ರೂಪಾಯಿಯೊಳಗೆ. ಪುಸ್ತಕದ ಪ್ರಕಾರ ಅಂಥ ಮನೆ ಆರು. ಒಂದು ಸಾಧನ ಹತ್ತು ಮನೆ ತೋರಿಸಿತು. ಅದರಲ್ಲಿ ಸರಿಯಾದವು ನಾಲ್ಕೇ.

ಮಕ್ಕಳೇ, ಇಲ್ಲಿ ಎರಡು ಬಗೆಯ ಲೆಕ್ಕವಿದೆ. ತೋರಿಸಿದ ಹತ್ತರಲ್ಲಿ ಸರಿಯಾದವು ನಾಲ್ಕು, ಅಂದರೆ ನೂರಕ್ಕೆ 40. ಇರುವ ಆರರಲ್ಲಿ ಸಿಕ್ಕಿದ್ದು ನಾಲ್ಕು, ಅಂದರೆ ನೂರಕ್ಕೆ ಸುಮಾರು 67. ಮೊದಲನೆಯ ದೋಷ ಕಣ್ಣಿಗೆ ಕಾಣುತ್ತದೆ. ಬೇಡದ ಆರು ಮನೆ ಎದುರಿಗೇ ಕುಳಿತಿರುತ್ತವೆ, ಬೈದುಕೊಂಡು ಮುಂದೆ ಹೋಗುತ್ತೇವೆ. ಎರಡನೆಯದು ಕಾಣುವುದೇ ಇಲ್ಲ. ಸಿಗದೆ ಹೋದ ಎರಡು ಮನೆಗಳ ಬಗ್ಗೆ ಬಾಡಿಗೆಗೆ ಬರುವವನಿಗೂ ಗೊತ್ತಾಗದು, ಕಾಯುತ್ತ ಕುಳಿತ ಮಾಲೀಕನಿಗೂ ಗೊತ್ತಾಗದು. ಮಡಚಿಟ್ಟ ಹಾಳೆ ಇದ್ದುದರಿಂದ ಮಾತ್ರ ನಮಗೆ ಗೊತ್ತಾಯಿತು.

ತಪ್ಪುಗಳ ಮೂಲ ಹುಡುಕುತ್ತ ಹೋದಂತೆ ನಮಗೆ ಒಳ್ಳೆಯ ಪಾಠವಾಯಿತು. ಹೆಸರಿನದೇ ಒಂದು ಕಥೆ. ಸರಸ್ವತಿಪುರಂ ಎಂದು ಬರೆಯುವವರಿದ್ದಾರೆ, ಸರಸ್ವತಿಪುರ ಎಂದು ಬರೆಯುವವರೂ ಇದ್ದಾರೆ. ಒಂದು ಸೊನ್ನೆಯ ವ್ಯತ್ಯಾಸಕ್ಕೆ ಮನೆ ಕೈತಪ್ಪಬಾರದಲ್ಲ. ಹಾಗಾಗಿ ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಚಿಹ್ನೆ ಸೇರಿಸಬೇಕು, ಬಿಡಬೇಕು, ಬದಲಿಸಬೇಕು ಎಂದು ಕಂಪ್ಯೂಟರು ಎಣಿಸುತ್ತದೆ. 1965ರಲ್ಲಿ ಈ ಅಳತೆಯನ್ನು ಕೊಟ್ಟ ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ಹೆಸರೇ ಅದಕ್ಕಿದೆ. ಒಂದು ಚಿಹ್ನೆಯ ವ್ಯತ್ಯಾಸವನ್ನು ಮನ್ನಿಸಿದರೆ ಸರಸ್ವತಿಪುರ, ಸರಸ್ವತಿಪುರಂ ಎರಡೂ ಕೂಡಿಕೊಳ್ಳುತ್ತವೆ. ಔದಾರ್ಯ ಹೆಚ್ಚಿಸಿ ಎರಡು ಚಿಹ್ನೆ ಮನ್ನಿಸಿದರೋ, ಜಯನಗರ ಕೇಳಿದವನಿಗೆ ವಿಜಯನಗರ ಸಿಗುತ್ತದೆ! 'ವಿ' ನಮ್ಮ ಕಣ್ಣಿಗೆ ಒಂದಕ್ಷರ. ಕಂಪ್ಯೂಟರಿಗೆ 'ವ' ಒಂದು, ಗುಡಿಸು ಒಂದು. ಮೈಸೂರಿನಲ್ಲಿ ಎರಡೂ ಬಡಾವಣೆಗಳಿವೆ, ಬೇರೆ ಬೇರೆ ದಿಕ್ಕಿನಲ್ಲಿ.

ದೂರದ ಲೆಕ್ಕವೂ ಹಾಗೆಯೇ. 'ವಿಶ್ವವಿದ್ಯಾನಿಲಯದಿಂದ ಒಂದೂವರೆ ಕಿಲೋಮೀಟರಿನೊಳಗೆ' ಎಂದು ಕೇಳಿದರೆ ಸಾಧನಗಳು ಅಕ್ಷಾಂಶ, ರೇಖಾಂಶ ಹಿಡಿದು ನೇರ ಗೆರೆ ಎಳೆಯುತ್ತವೆ. ಮಾನಸಗಂಗೋತ್ರಿಗೂ ಸರಸ್ವತಿಪುರಂಗೂ ನಡುವೆ ಕುಕ್ಕರಹಳ್ಳಿ ಕೆರೆ ಇದೆ. ನೇರ ಗೆರೆ ಕೆರೆಯ ಮೇಲೆ ಹಾಯುತ್ತದೆ. ಅಲ್ಲಿನ ಹೆಜ್ಜಾರ್ಲೆಗಳಿಗೆ ಆ ಲೆಕ್ಕ ಸರಿಯೇ. ಕಾಲೇಜಿಗೆ ನಡೆದು ಹೋಗುವ ಹುಡುಗಿಗೆ ಸರಿಯಲ್ಲ. ಇನ್ನು ದಶಮಾಂಶದ ಮಾತು. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ದಶಮಾಂಶದ ಎರಡು ಸ್ಥಾನ ಕೊಟ್ಟರೆ ಗುರುತು ಒಂದು ಕಿಲೋಮೀಟರಿನಷ್ಟು ಒರಟು, ಮೂರು ಸ್ಥಾನಕ್ಕೆ ನೂರು ಮೀಟರು, ನಾಲ್ಕು ಸ್ಥಾನಕ್ಕೆ ಹತ್ತು ಹನ್ನೊಂದು ಮೀಟರು, ಅಂದರೆ ಹೆಚ್ಚುಕಡಿಮೆ ಮನೆಯ ಬಾಗಿಲೇ. ಹೆಚ್ಚು ನಿಖರವಾದಷ್ಟೂ ಒಳ್ಳೆಯದಲ್ಲವೇ ಎಂದ ಹುಡುಗ. ಮಹಡಿ ಬಾಡಿಗೆಗೆ ಕೊಟ್ಟು ಕೆಳಗೆ ಒಬ್ಬರೇ ಇರುವ ಅಜ್ಜಿಯ ಮನೆ ಬಾಗಿಲನ್ನು ಊರಿಗೆಲ್ಲ ತೋರಿಸುವುದು ಒಳ್ಳೆಯದೇ ಎಂದು ಅವನ ತಂದೆ ಕೇಳಿದರು. ಭೂಪಟದಲ್ಲಿ ಮೂರೇ ಸ್ಥಾನ ಸಾಕೆಂದು ತೀರ್ಮಾನವಾಯಿತು.

ಅಮೆರಿಕದ ಸಾಧನ ಎಡವಿದ್ದು ಇನ್ನೊಂದು ಕಡೆ. 30 ಲಕ್ಷದೊಳಗೆ ಕೊಳ್ಳುವ ಮನೆ ಕೇಳಿದರೆ ಪಟ್ಟಿಯ ನೆತ್ತಿಯಲ್ಲಿ 8 ಲಕ್ಷದ ಮನೆ! ನೋಡಿದರೆ ಅದು ಲೀಸ್ ಮನೆ. ನಮ್ಮಲ್ಲಿ ಲೀಸ್ ಅಥವಾ ಭೋಗ್ಯವೆಂದರೆ ಇಡಿಗಂಟು ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಗಂಟು ವಾಪಸು ಪಡೆಯುವುದು. ಆ ದೇಶದಲ್ಲಿ ಲೀಸ್ ಎಂದರೆ ಬಾಡಿಗೆ ಕರಾರು ಅಷ್ಟೆ. ಇಡಿಗಂಟನ್ನು ಬರೆಯಲು ಸಾಧನದಲ್ಲಿ ಜಾಗವೇ ಇರಲಿಲ್ಲ, ಬೆಲೆಯ ಕಾಲಮಿನಲ್ಲಿ ಹೋಗಿ ಕುಳಿತಿತ್ತು. ಅದೂ ಅಲ್ಲದೆ ಅಲ್ಲಿ ಒಂದೊಂದು ಪ್ರದೇಶದ ಬ್ರೋಕರುಗಳು ತಮ್ಮ ಮನೆಗಳ ವಿವರವನ್ನು ಎಂ.ಎಲ್.ಎಸ್. ಎಂಬ ಸಮಾನ ಕಣಜಕ್ಕೆ ಸುರಿಯುತ್ತಾರೆ, ಐ.ಡಿ.ಎಕ್ಸ್. ಎಂಬ ವ್ಯವಸ್ಥೆಯಿಂದ ಅದನ್ನು ತಮ್ಮ ತಮ್ಮ ಜಾಲತಾಣದಲ್ಲಿ ತೋರಿಸುತ್ತಾರೆ. ಆ ಸಾಧನದ ನಿಜವಾದ ಕಸುಬು ಈ ಕಣಜದಿಂದ ಮೊಗೆದು ಕೊಡುವುದು. ನಮ್ಮೂರುಗಳಲ್ಲಿ ಪ್ರತಿ ಬ್ರೋಕರಿನ ಪಟ್ಟಿ ಅವರವರ ಜೇಬಿನಲ್ಲೇ. ಕಣಜವಿಲ್ಲದ ಮೇಲೆ ಕೊಳಗಕ್ಕೆ ದುಡ್ಡು ಕೊಡುವುದೇಕೆ?

ಫಿಲ್ಟರ್ ಎನ್ನುವುದನ್ನು ನಾನು ಜರಡಿ ಎನ್ನುತ್ತೇನೆ. ಜರಡಿಗೆ ಕರುಣೆಯಿಲ್ಲ. 1,200 ಚದರಡಿ ಎಂದರೆ 1,180ರ ಸೈಟು ಉದುರಿಹೋಯಿತು. ಐವತ್ತು ಲಕ್ಷದೊಳಗೆ ಎಂದರೆ ಐವತ್ತೂವರೆ ಲಕ್ಷದ ಮನೆ ಉದುರಿತು, ಮಾಲೀಕರು ಒಂದು ಲಕ್ಷ ಬಿಡಲು ಸಿದ್ಧರಿದ್ದರೂ ಸರಿಯೇ. ಇನ್ನೂ ವಿಚಿತ್ರವೆಂದರೆ ಪೂರ್ವ ದಿಕ್ಕಿನ ಬಾಗಿಲು ಕೇಳಿದಾಗ ಡಜನ್‌ಗಟ್ಟಲೆ ಮನೆಗಳು ಮಾಯವಾದವು. ಅವುಗಳ ದಿಕ್ಕು ತಂದೆಗೆ ಬಾಯಿಪಾಠವಿದ್ದುದರಿಂದ ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಖಾಲಿ ಎಂದರೆ 'ಇಲ್ಲ' ಎಂದು ಸಾಧನ ಅರ್ಥಮಾಡಿಕೊಂಡಿತ್ತು. ಬರೆಯದಿರುವುದು ಬೇರೆ, ಇಲ್ಲದಿರುವುದು ಬೇರೆ. ಪ್ರಯೋಗದ ಪುಸ್ತಕದಲ್ಲಿ ಅಳತೆ ಮಾಡದ ಕಡೆ ಸೊನ್ನೆ ಬರೆಯುವ ಹುಡುಗರಿಗೂ ಇದನ್ನೇ ಹೇಳುತ್ತೇನೆ.

ಭಾರೀ ಯಂತ್ರದ ಕಡೆಯವರು ಕೋಟಿ ದಾಖಲೆಯಲ್ಲಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಹುಡುಕುತ್ತೇವೆ ಎನ್ನುತ್ತಿದ್ದರು. ಸುಳ್ಳೇನಲ್ಲ. ಆದರೆ ವಿಂಗಡಿಸಿಟ್ಟ ಪಟ್ಟಿಯಲ್ಲಿ ನಿಘಂಟು ನೋಡುವಂತೆ ಪ್ರತಿ ಸಲ ಅರ್ಧ ಬಿಟ್ಟು ಅರ್ಧ ಹಿಡಿದರೆ ಹತ್ತು ಲಕ್ಷದಲ್ಲಿ ಒಂದನ್ನು ಹಿಡಿಯಲು 20 ಹೆಜ್ಜೆ ಸಾಕು; ಎರಡರ ಇಪ್ಪತ್ತನೆಯ ಘಾತ 10,48,576 ತಾನೆ? ನಾನೂರು ಮನೆಗೆ 9 ಹೆಜ್ಜೆ. ನಮಗೆ ಬೇಕಾದದ್ದು ವೇಗವಲ್ಲ, ಪ್ರಾಮಾಣಿಕತೆ. ಕೊನೆಗೆ ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್ ತಂತ್ರಾಂಶ, ಭೂಪಟದ ಲೆಕ್ಕಕ್ಕೆ ಅದರ ಜೊತೆಗಾರ ಪೋಸ್ಟ್‌ಜಿಐಎಸ್, ಇವೆರಡೇ ಆಯ್ಕೆಯಾದವು. ಲೀಸ್‌ಗೆ ಬೇರೆ ಕಾಲಮ್, ನಲ್ಲಿ ನೀರೋ ಬೋರ್‌ವೆಲ್ಲೋ ಎಂಬುದಕ್ಕೆ ಒಂದು ಕಾಲಮ್, 'ಕೇಳಿದ್ದಕ್ಕೆ ಹತ್ತಿರದವು' ಎಂದು ಕೆಳಗೊಂದು ಪಟ್ಟಿ. ಮಾಲೀಕರನ್ನು ಕೊನೆಯ ಬಾರಿ ವಿಚಾರಿಸಿದ ದಿನಾಂಕ ಪ್ರತಿ ಮನೆಯ ಪಕ್ಕದಲ್ಲಿ. ಹದಿನೈದು ದಿನ ದಾಟಿದರೆ ಮನೆ ತಾನಾಗಿಯೇ ಪಟ್ಟಿಯಿಂದ ಇಳಿಯುತ್ತದೆ. ಹಾಸನದಿಂದ ಬಸ್ಸು ಹಿಡಿದು ಬಂದವರಿಗೆ 'ಅದು ಹೋಯಿತಲ್ಲ' ಎನ್ನುವ ಪ್ರಸಂಗ ಬರಬಾರದು.

ಎಲ್ಲ ಮುಗಿಯಿತು ಎನ್ನುವಾಗ ಒಂದು ಕಾಲಮಿನ ಬಗ್ಗೆ ಅಪ್ಪ ಮಗನಿಗೆ ಜಟಾಪಟಿ ಶುರುವಾಯಿತು. ಕೆಂಪು ಪುಸ್ತಕದಲ್ಲಿ ಕೆಲವು ಮನೆಗಳ ಪಕ್ಕ ಪೆನ್ಸಿಲಿನ ಸಣ್ಣ ಚುಕ್ಕೆಗಳಿದ್ದವು. ಸಸ್ಯಾಹಾರಿಗಳಿಗೆ ಮಾತ್ರ, ನಮ್ಮವರಿಗೆ ಮಾತ್ರ ಎನ್ನುವ ಮಾಲೀಕರ ಗುರುತು ಅವು. ಅದನ್ನು ಕಂಪ್ಯೂಟರಿಗೆ ಹಾಕುವುದಿಲ್ಲ ಎಂದ ಮಗ.

"ಹಾಕದಿದ್ದರೆ ಜನ ಬಾಗಿಲ ತನಕ ಹೋಗಿ, ಜಾತಿ ಕೇಳಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬರ್ತಾರೆ ಮೇಷ್ಟ್ರೆ. ಅದನ್ನ ತಪ್ಪಿಸೋಕೇ ನಾನು ಚುಕ್ಕೆ ಇಟ್ಟದ್ದು," ಎಂದರು ತಂದೆ. ಅವರ ಮಾತಿನಲ್ಲಿ ಕೆಡುಕಿರಲಿಲ್ಲ.

"ಚುಕ್ಕೆ ಇಟ್ಟರೂ ನೀವು ಎಷ್ಟೋ ಸಲ ಹೋಗಿ ಒಪ್ಪಿಸಿದ್ದೀರಲ್ಲ ಅಪ್ಪಾ. ಆ ಆಸ್ಪತ್ರೆ ನರ್ಸಮ್ಮನಿಗೆ ಮನೆ ಕೊಡಿಸೋಕೆ ಮಾಲೀಕರ ಜಗಲಿ ಮೇಲೆ ಒಂದು ಗಂಟೆ ಕೂತಿರಲಿಲ್ವ? ಜರಡಿ ಹಾಗೆ ಕೂರುತ್ತಾ? ಆಯಮ್ಮನಿಗೆ ಆ ಮನೆ ಇತ್ತು ಅಂತಲೇ ಗೊತ್ತಾಗ್ತಿರಲಿಲ್ಲ."

ತಂದೆ ಸ್ವಲ್ಪ ಹೊತ್ತು ಪುಸ್ತಕದ ಪುಟ ತಿರುವಿದರು. "ಒಂಬತ್ತು ವರ್ಷ ಇದ್ದರು ಆಯಮ್ಮ ಅಲ್ಲಿ," ಎಂದರು. ಆ ಕಾಲಮ್ ಬರಲಿಲ್ಲ. ಜನರನ್ನು ಕಳಿಸುವ ಮೊದಲು ಮಾಲೀಕರಿಗೆ ತಾವೇ ಫೋನು ಮಾಡಿ ಮಾತಾಡುವುದೆಂದು ತಂದೆ ಒಪ್ಪಿಕೊಂಡರು. ವಿಷಯ ತಿಳಿದ ಇಬ್ಬರು ಮಾಲೀಕರು ತಮ್ಮ ಮನೆಗಳನ್ನು ಪಟ್ಟಿಯಿಂದ ತೆಗೆಸಿದರು. ಆ ಎರಡು ಮನೆಯ ಕಮಿಷನ್ ಹೋಯಿತು. ಅದು ಈ ಆಯ್ಕೆಯ ಖರ್ಚು.

ಮಕ್ಕಳಿಗೆ ಮನೆ ನೋಡುತ್ತಿರುವ ತಂದೆ ತಾಯಂದಿರೇ, ಯಾವ ಜಾಲತಾಣಕ್ಕೆ ಹೋದರೂ ಮೊದಲು ನಿಮಗೆ ಗೊತ್ತಿರುವ, ಖಾಲಿ ಇರುವ ಒಂದು ಮನೆಯನ್ನು ಹುಡುಕಿ ನೋಡಿ. ಅದೇ ಸಿಗದಿದ್ದರೆ ಉಳಿದದ್ದರ ಬಗ್ಗೆ ಎಚ್ಚರವಿರಲಿ. ಪಟ್ಟಿಯಲ್ಲಿ ಮೊದಲು ಬಂದದ್ದು ಚೆನ್ನಾಗಿರುವುದಕ್ಕೆ ಬಂತೋ, ದುಡ್ಡು ಕೊಟ್ಟಿದ್ದಕ್ಕೆ ಬಂತೋ ನೋಡಿ. ಜರಡಿಯ ಒಂದೊಂದೇ ಷರತ್ತು ಸಡಿಲಿಸಿ, ಪಟ್ಟಿ ಹೇಗೆ ಬದಲಾಗುತ್ತದೆಂದು ಗಮನಿಸಿ. ಇನ್ನು ಕೊಳ್ಳುವ ಮಾತು ಬಂದರೆ ಹುಡುಕು ಸಾಧನ ಮನೆಯನ್ನು ತೋರಿಸಬಹುದೇ ಹೊರತು ಮಾಲೀಕತ್ವವನ್ನಲ್ಲ. ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಾಣದಿಂದ ತೆಗೆಸಿ, ವಕೀಲರಿಗೆ ತೋರಿಸಿ. ಹೊಸ ಬಡಾವಣೆ, ಅಪಾರ್ಟ್‌ಮೆಂಟ್ ಆದರೆ 2016ರ ಕಾಯ್ದೆಯಂತೆ ಬಂದಿರುವ ರೇರಾ ನೋಂದಣಿ ಸಂಖ್ಯೆಯನ್ನು ರೇರಾ ತಾಣದಲ್ಲೇ ತಾಳೆ ನೋಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ಹಲವರು ನಾಳೆ ಇಂಥ ಸಾಧನಗಳನ್ನು ಬರೆಯುವವರು. ಕಾಲೇಜು ಸೀಟು, ಕೆಲಸ, ಸಾಲ, ವರ ಕನ್ಯೆ ಎಲ್ಲವೂ ಈಗ ಜರಡಿಯಲ್ಲೇ ಸೋಸಿ ಬರುತ್ತಿವೆ. ತೂತು ಎಷ್ಟು ದೊಡ್ಡದಿರಬೇಕು, ಯಾವ ಕಾಲಮ್ ಇರಬೇಕು, ಯಾವುದು ಇರಬಾರದು ಎಂದು ಯಾರೋ ಒಬ್ಬರು ಕುಳಿತು ತೀರ್ಮಾನಿಸಿರುತ್ತಾರೆ. ಆ ಕುರ್ಚಿಯಲ್ಲಿ ನೀವು ಕುಳಿತ ದಿನ, ಪಟ್ಟಿಯಲ್ಲಿ ಬಂದವರನ್ನು ಒಮ್ಮೆ ಎಣಿಸಿದರೆ, ಕೆಳಗೆ ಉದುರಿದವರನ್ನು ಎರಡು ಸಲ ಎಣಿಸಿ.